ವಾಡಿಗೆ ಬಂದ ಕಡಲು

ನಮ್ಮ ಅಡುಗೆಮನೆಯ ಹೊಸ್ತಿಲ ಪಕ್ಕ, ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ, ಊಟದ ತಟ್ಟೆಯಷ್ಟಗಲದ ಒಂದು ಬಿಳಿಯ ಕಲೆ ಇದೆ. ಬೇಸಿಗೆಯಲ್ಲಿ ಅದನ್ನು ಹುಡುಕಿದರೂ ಸಿಗುವುದಿಲ್ಲ. ಮಳೆಗಾಲದ ಮೊದಲ ತೇವ ಗಾಳಿಗೆ ಸೇರಿತೆಂದರೆ, ಉಳಿದ ಕಲ್ಲುಗಳೆಲ್ಲ ಸುಮ್ಮನಿರುವಾಗ ಆ ಒಂದು ಜಾಗ ಮಾತ್ರ ಬೆವರತೊಡಗುತ್ತದೆ. ಎರಡು ದಿನ ಬಿಸಿಲು ಕಂಡರೆ ಬೆವರು ಆರಿ, ಬೆಳ್ಳಗೆ ಹುಡಿಯಾಗಿ ಮೇಲೇಳುತ್ತದೆ. ನಿಂಬೆಹಣ್ಣಿನಿಂದ ಉಜ್ಜಿದ್ದೇನೆ, ಸೀಗೆಪುಡಿ ಹಾಕಿ ತಿಕ್ಕಿದ್ದೇನೆ, ಇಟ್ಟಿಗೆಯ ಚೂರಿನಿಂದ ಕೆರೆದಿದ್ದೇನೆ. ಕಲ್ಲು ಸವೆದಿದೆಯೇ ಹೊರತು ಕಲೆ ಸವೆದಿಲ್ಲವೆಂದೇ ತಿಳಿದಿದ್ದೆ. ಮನೆಗೆ ಬಂದ ಹೆಂಗಸರು ಅದನ್ನು ನೋಡಿ ‘ಹಾಲು ಉಕ್ಕಿತ್ತೇನ್ರಿ?’ ಎಂದು ಕೇಳುತ್ತಾರೆ. ಗೃಹಕೃತ್ಯದಲ್ಲಿ ನನ್ನ ಕೀರ್ತಿ ವಾಡಿಯ ಗಲ್ಲಿಗಲ್ಲಿಗೂ ತಲುಪಿರುವುದರಿಂದ ಹಾಗೆ ಕೇಳುವವರನ್ನು ದೂರುವಂತೆಯೂ ಇಲ್ಲ.

ಅದು ಹಾಲಲ್ಲ, ಕಡಲು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ, ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಗಟ್ಟಲೆ ಅಲಂಕಾರ ಕಲಿಸಿದ ಮೇಲೆ ನನಗೇ ಅಲಂಕಾರಗಳ ವಿಷಯದಲ್ಲಿ ಒಂದು ಬಗೆಯ ಅಜೀರ್ಣವಾಗಿದೆ. ನಾನು ಹೇಳುತ್ತಿರುವುದು ಡಬ್ಬಿಗಳಲ್ಲಿ ತುಂಬಿಕೊಂಡು, ರೈಲಿನಲ್ಲಿ ಕುಳಿತು, ನಮ್ಮ ಮನೆಗೆ ಬಂದಿಳಿದ ನಿಜವಾದ ಕಡಲಿನ ಮಾತು.

ಸೇಡಮ್ಮಿನಲ್ಲಿ ಹುಟ್ಟಿ ವಾಡಿಗೆ ಸೊಸೆಯಾಗಿ ಬಂದ ನನಗೆ ಕಡಲೆಂದರೆ ಸಮಾನಾರ್ಥಕ ಪದಗಳ ಒಂದು ಸಾಲು ಮಾತ್ರವಾಗಿತ್ತು: ಸಾಗರ, ಶರಧಿ, ಅಂಬುಧಿ, ರತ್ನಾಕರ. ಕಲ್ಲುಗಣಿಯ ತಗ್ಗಿನಲ್ಲಿ ನಿಂತ ಮಳೆನೀರಿಗಿಂತ ದೊಡ್ಡ ನೀರನ್ನು ಕಂಡಿರದ ನಾನು, ಅದನ್ನೂ ಸರಿಯಾಗಿ ಕಂಡಿರದ ಹುಡುಗಿಯರಿಗೆ ‘ಸಮುದ್ರವು ಗಂಭೀರವಾಗಿದೆ’ ಎಂದು ಉಕ್ತಲೇಖನ ಬರೆಸುತ್ತಿದ್ದೆ. ನಮ್ಮ ಊರಿನ ಗಾಂಭೀರ್ಯವೆಲ್ಲ ಸಿಮೆಂಟಿನದು. ಕಾರ್ಖಾನೆಯ ಹುಡಿ ಒಣಹಾಕಿದ ಸೀರೆಯ ಮೇಲೆ, ಬೇವಿನ ಎಲೆಯ ಮೇಲೆ, ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಸಮಭಾವದಿಂದ ಕೂರುತ್ತದೆ. ಇಲ್ಲಿಂದ ಮುಂಬಯಿಗೂ ಮದರಾಸಿಗೂ ಗಾಡಿಗಳಿವೆ. ಕಡಲು ಎರಡೂ ತುದಿಗಳಲ್ಲಿದೆ, ನಡುವೆ ನಾವಿದ್ದೇವೆ.

ಈ ಊರಿನಿಂದ ನನ್ನ ಮೈದುನ ಚೆನ್ನು ಕಡಲಿಗೆ ಹೋದ. ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಕೆಲಸ ಕಲಿತವನು ಮುಂಬಯಿಗೆ ಹೋಗಿ ಒಂದು ಸರಕು ಹಡಗಿನ ಎಂಜಿನ್ ಕೋಣೆ ಸೇರಿಕೊಂಡ. ಹಡಗೆಂದರೆ ನೀರಿನ ಮೇಲಿನ ರೈಲು, ನಡುನಡುವೆ ಸ್ಟೇಷನ್ನುಗಳಿರುತ್ತವೆ, ಅಲ್ಲಿ ಇಳಿದು ಚಹಾ ಕುಡಿಯಬಹುದು ಎಂದು ನಮ್ಮ ಅತ್ತೆ ನಂಬಿದ್ದರು. ಹಾಗೆ ನಂಬಿಸಿದವನು ಅವನೇ. ಒಂದು ಮಳೆಗಾಲದಲ್ಲಿ, ಡೆಕ್ಕಿನ ಮೇಲೆ ನಿಂತಿದ್ದವನನ್ನು ತೆರೆ ಎಳೆದುಕೊಂಡು ಹೋಯಿತೆಂದು ತಂತಿ ಬಂತು. ಹುಡುಕಿದರಂತೆ, ದೇಹ ಸಿಗಲಿಲ್ಲವಂತೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಮೈಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವನ್ನಿಟ್ಟು, ಕೂರಿಸಿ, ಸುತ್ತ ಬಿಲ್ವಪತ್ರಿ ತುಂಬಿ ಮಣ್ಣಿಗಿಡುತ್ತೇವೆ. ಆಮೇಲೆ ಆ ಜಾಗಕ್ಕೆ ಹೋಗಿ ಹೂವಿಟ್ಟು, ಒಂದು ತಂಬಿಗೆ ನೀರು ಹಾಕಿ ಬರುತ್ತೇವೆ. ದುಃಖಕ್ಕೂ ಹೋಗಿ ಕೂರುವುದಕ್ಕೆ ಒಂದು ನೆಲ ಬೇಕಲ್ಲ. ಮಣ್ಣೇ ಇಲ್ಲದ ಸಾವನ್ನು ಏನು ಮಾಡಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಅವನ ಅಂಗಿಯನ್ನಾದರೂ ಮಣ್ಣು ಮಾಡೋಣ ಎಂದು ಯಾರೋ ಸೂಚಿಸಿದಾಗ ಅತ್ತೆ ತಲೆ ಎತ್ತದೆ ಹೇಳಿದರು: “ನಾ ಅಂಗಿ ಹಡದಿಲ್ಲ.”

ಅಂದಿನಿಂದ ಅವರ ಊಟ ಇಳಿಯತೊಡಗಿತು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು, ಕೊನೆಗೆ ಒಂದು ಬಟ್ಟಲು ಮಜ್ಜಿಗೆಗೆ ಬಂದು ನಿಂತಿತು. ಹಟವಲ್ಲ, ವ್ರತವಲ್ಲ, ಅಳು ಕೂಡ ಅಲ್ಲ. ತುತ್ತು ಕೈಯಲ್ಲಿ ಹಿಡಿದು ಎಲ್ಲೋ ನೋಡುತ್ತ ಕೂತುಬಿಡುತ್ತಿದ್ದರು. ಶಹಾಬಾದಿನ ಡಾಕ್ಟರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ರೋಗವೇನೂ ಇಲ್ಲ, ಹೀಗೇ ಉಣ್ಣದಿದ್ದರೆ ಮುಂದಿನ ಯುಗಾದಿ ಕಾಣುವುದಿಲ್ಲ ಎಂದರು. ಮಗನನ್ನು ನೀರಿಗೆ ಕೊಟ್ಟ ಮನೆ ಈಗ ತಾಯಿಯನ್ನು ಹಸಿವಿಗೆ ಕೊಡುವುದರಲ್ಲಿತ್ತು. ನಾನು ಮಾಡಿದ ಅಡುಗೆಯೇ ಕಾರಣವಿರಬಹುದೆಂದು ಒಮ್ಮೊಮ್ಮೆ ಅನ್ನಿಸಿ, ನಾಚಿಕೆ ಬಿಟ್ಟು ನೆರೆಮನೆಯಿಂದ ಪಲ್ಯ ಬೇಡಿ ತಂದದ್ದೂ ಉಂಟು.

ನಮ್ಮವರು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಮಿಸ್ಟ್. ದಿನವಿಡೀ ಸುಣ್ಣದಕಲ್ಲಿನ ಗುಣದೋಷ ವಿಚಾರಿಸುವ ವೃತ್ತಿ. ಮನೆಯವರ ಗುಣದೋಷ ವಿಚಾರಿಸಲು ಆಮೇಲೆ ಅವರಲ್ಲಿ ತ್ರಾಣ ಉಳಿಯುತ್ತಿರಲಿಲ್ಲವೆಂಬುದು ನನ್ನ ದಾಂಪತ್ಯದ ದೊಡ್ಡ ಸೌಲಭ್ಯ. ಅವರು ತಮ್ಮನಿಗಾಗಿ ಅತ್ತದ್ದನ್ನು ನಾನು ಕಾಣೆ. ಆದರೆ ಒಂದು ದಿನ ಗೆಳೆಯರಾದ ರೈಲ್ವೆ ಗಾರ್ಡ್ ಮಸ್ತಾನ್ ಸಾಹೇಬರಿಗೆ ಹೇಳಿ ಮದರಾಸಿನಿಂದ ಒಂದು ಡಬ್ಬಿ ಸಮುದ್ರದ ನೀರು ತರಿಸಿದರು. ತಮ್ಮನನ್ನು ನುಂಗಿದ ನೀರಿನಲ್ಲಿ ಏನೇನಿದೆ ಎಂದು ತಿಳಿಯುವುದು ಅವರು ಶೋಕಿಸುವ ರೀತಿಯಾಗಿತ್ತು. ಡಬ್ಬಿಯ ಜೊತೆಗೆ ಸಾಹೇಬರು ತಮ್ಮ ಉತ್ಸಾಹದಿಂದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಿತ್ತಳೆ ಬಣ್ಣದ ಮೀನುಗಳನ್ನೂ ಸೇರಿಸಿದ್ದರು. ಅವಕ್ಕೆ ಬೇರೆ ಜಾಗವಿಲ್ಲದ್ದರಿಂದ ಒಂದು ಚಿಕ್ಕ ಗಾಜಿನ ಪೆಟ್ಟಿಗೆಯಲ್ಲಿ ಆ ನೀರನ್ನೇ ತುಂಬಿ ಪಡಸಾಲೆಯಲ್ಲಿಟ್ಟರು.

ಅತ್ತೆ ಎದ್ದು ಬಂದು ನೋಡಿದರು. ಏನೆಂದು ಕೇಳಿದರು, ಸಮುದ್ರದ ನೀರೆಂದು ಮಗ ಹೇಳಿದರು. ಅವರು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು.

“ಇಷ್ಟು ಉಪ್ಪೇನೋ ಶರಣು? ಇಂಥಾದು ಕುಡದು ಹೋದನೇನು ನನ ಮಗ?”

ರಸಾಯನಶಾಸ್ತ್ರಜ್ಞರು ಖಾಲಿ ಡಬ್ಬಿಯ ಮುಚ್ಚಳ ತಿರುಗಿಸಿ ಹಾಕಿದರು. ಕನ್ನಡ ಪಂಡಿತೆ ನೆಲಕ್ಕೆ ಬಿದ್ದ ಹನಿ ಒರೆಸಿದಳು. ಅತ್ತೆ ನನ್ನ ಕಡೆ ತಿರುಗಿ, “ಬಾಯೆಲ್ಲಾ ಉಪ್ಪಾಗ್ಯಾದ ನೀಲಾ, ಒಂದು ರೊಟ್ಟಿ ಕೊಡು” ಎಂದರು. ಆ ರೊಟ್ಟಿಯನ್ನು ಅವರು ಪೂರ್ತಿ ತಿಂದರು. ನಾನು ಒಲೆಯ ಕಡೆ ಮುಖ ಮಾಡಿ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ವಾರದೊಳಗೆ ಎರಡು ಮೀನುಗಳೂ ಸತ್ತವು, ಮತ್ತೆ ಮಜ್ಜಿಗೆಯ ಬಟ್ಟಲು ಬಂತು. ಆಗಲೇ ನಮ್ಮವರು ದೊಡ್ಡ ತೊಟ್ಟಿಯ ನಿರ್ಧಾರ ಮಾಡಿದ್ದು. ಎಲ್ಲೆಲ್ಲಿಂದಲೋ ಓದಿ ತಿಳಿದು ನನಗೊಂದು ಸೂತ್ರ ಹೇಳಿದರು: ನೀರು ದೊಡ್ಡದಾದಷ್ಟೂ ತಪ್ಪು ಸಣ್ಣದಾಗುತ್ತದೆ. ಸಣ್ಣ ಪಾತ್ರೆಯಲ್ಲಿ ಒಂದು ಚಿಟಿಕೆ ಹೊಲಸೂ ಮೃತ್ಯು. ದೊಡ್ಡ ನೀರಿನಲ್ಲಿ ಅದು ಕರಗಿ ಕ್ಷಮೆಯಾಗುತ್ತದೆ. ಕೇಳಲು ಸೊಗಸಾಗಿದ್ದ ಈ ಮಾತನ್ನು ನಾನು ಶಾಲೆಯ ಕರಿಹಲಗೆಯ ಮೇಲೆ ಸುಭಾಷಿತವಾಗಿ ಬರೆದೆ.

ತೊಟ್ಟಿ ಎಲ್ಲಿರಬೇಕೆಂಬ ಪ್ರಶ್ನೆಗೆ ಇಡೀ ಮನೆಯಲ್ಲಿ ಒಂದೇ ಉತ್ತರವಿತ್ತು. ಪಡಸಾಲೆಗೆ ಸಿಮೆಂಟಿನ ಹುಡಿ ಬರುತ್ತದೆ, ಮಲಗುವ ಕೋಣೆಯ ನೆಲ ಸಮವಿಲ್ಲ, ಹಿತ್ತಲಿಗೆ ಬಿಸಿಲು ಹೊಡೆಯುತ್ತದೆ. ಉಳಿದದ್ದು ಅಡುಗೆಮನೆಯ ಹೊಸ್ತಿಲ ಪಕ್ಕದ ಗೋಡೆ, ಅತ್ತೆ ದಿನವಿಡೀ ಕೂರುವ ಜಾಗ. ಬೆಸುಗೆಯವನ ಕಡೆಯಿಂದ ಕಬ್ಬಿಣದ ಚೌಕಟ್ಟು ಬಂತು, ಹೈದರಾಬಾದಿನಿಂದ ದಪ್ಪ ಗಾಜು ಬಂತು, ಸಂದುಗಳಿಗೆ ಪುಟ್ಟಿ ಮೆತ್ತಿದ್ದಾಯಿತು. ಕಬ್ಬಿಣಕ್ಕೆ ಉಪ್ಪು ತಾಕಬಾರದೆಂದು ಡಾಂಬರು ಬಳಿದಾಗ ಮನೆ ಒಂದು ತಿಂಗಳು ಹೊಸ ರಸ್ತೆಯ ಹಾಗೆ ನಾರಿತು. ಕೆಳಗೆ ಶಹಾಬಾದ್ ಕಲ್ಲುಗಳ ಕಟ್ಟೆ. ಕರೆಂಟು ಹೋದಾಗ ಗಾಳಿ ಒದಗಿಸಲು ಒಂದು ಲಾರಿಯ ಟ್ಯೂಬನ್ನು ಉಬ್ಬಿಸಿ, ಅದರ ಬಾಯಿಗೆ ಸಣ್ಣ ನಳಿಗೆ ಸಿಕ್ಕಿಸಿಟ್ಟರು. ಅದು ನನ್ನ ಹಿಟ್ಟಿನ ಡಬ್ಬಿಯ ಮೇಲೆ ಗರ್ಭಿಣಿಯಂತೆ ಮಲಗಿರುತ್ತಿತ್ತು. ಎಣ್ಣೆಯ ಜಿಡ್ಡು ನೀರಿನ ಮೇಲೆ ಕೂತೀತೆಂದು ಒಗ್ಗರಣೆಗೆ ನನ್ನನ್ನು ಹಿತ್ತಲಿಗೆ ಗಡೀಪಾರು ಮಾಡಲಾಯಿತು.

ಕಡಲು ಕಂತುಗಳಲ್ಲಿ ಬಂತು. ಮದರಾಸಿನ ದಡದಲ್ಲಿ ತುಂಬಿದ ಡಬ್ಬಿಗಳು ಒಬ್ಬ ಗಾರ್ಡಿನ ಕೈಯಿಂದ ಇನ್ನೊಬ್ಬ ಗಾರ್ಡಿನ ಕೈಗೆ ದಾಟುತ್ತ, ರಾಯಚೂರು ಹಾಯ್ದು, ಕೊನೆಗೆ ಮಸ್ತಾನ್ ಸಾಹೇಬರ ಸೈಕಲ್ಲಿನ ಮೇಲೆ ನಮ್ಮ ಬಾಗಿಲಿಗೆ ಬರುತ್ತಿದ್ದವು. “ಅಕ್ಕೋರ, ಸಮಂದರ್ ತಂದೀನ್ರಿ, ಜರಾ ಜಾಗ ಮಾಡ್ರಿ” ಎಂದು ಅವರು ಹಾಲಿನವನಷ್ಟು ಸಹಜವಾಗಿ ಕೂಗುತ್ತಿದ್ದರು. ಚೆನ್ನು ಹೋದದ್ದು ಮುಂಬಯಿ ಕಡೆಯ ಸಮುದ್ರದಲ್ಲಲ್ಲವೇ, ಇದು ಬೇರೆಯದಲ್ಲವೇ ಎಂದು ಅತ್ತೆ ಮಗನನ್ನು ಕೇಳಿದರು. “ಎಲ್ಲಾ ಕೂಡೇ ಅದ ಅವ್ವ, ಒಂದ ನೀರು” ಎಂದರು ನಮ್ಮವರು. ಅತ್ತೆ ಅದನ್ನು ಒಪ್ಪಿಕೊಂಡರು.

ಕೊನೆಯ ಕಂತಿನಲ್ಲಿ ಮೀನುಗಳು ಬಂದವು, ಜೊತೆಗೆ ಕೆಲವು ಬಸವನಹುಳುಗಳು, ಕಲ್ಲಿಗೆ ಅಂಟಿದ ಒಂದು ಕಡಲಹೂವು. ಹೂವೆಂದು ಕರೆದರೂ ಅದು ಜೀವ; ನೂರಾರು ಬೆರಳುಗಳನ್ನು ಆಡಿಸುತ್ತಿತ್ತು, ಬಿಳಿಪಟ್ಟೆಯ ಕಿತ್ತಳೆ ಮೀನೊಂದು ಅದರೊಳಗೆ ಹೊಕ್ಕು ಹೊರಬಂದು ಮಾಡುತ್ತಿತ್ತು. ಅತ್ತೆ ತಟ್ಟೆ ಹಿಡಿದು ಅದರೆದುರು ಕೂತರು. ಕಣ್ಣು ಗಾಜಿನೊಳಗಿರುವಾಗ ಕೈ ತನ್ನಷ್ಟಕ್ಕೆ ಬಾಯಿಗೆ ಹೋಗುತ್ತಿತ್ತು. ಅರ್ಧ ರೊಟ್ಟಿ ಒಂದಾಯಿತು, ಚಳಿಗಾಲ ಮುಗಿಯುವ ಹೊತ್ತಿಗೆ ಎರಡಾಯಿತು. ಮೊಟ್ಟೆಯ ಸಿಪ್ಪೆ ಓಣಿಯಲ್ಲಿ ಬಿದ್ದಿದ್ದರೆ ದಾರಿ ಬದಲಿಸಿ ಹೋಗುತ್ತಿದ್ದ ಹೆಂಗಸು ಮೀನಿನೆದುರು ಉಂಡರೆಂಬ ಸುದ್ದಿ ಚಿತ್ತಾಪುರದ ನೆಂಟರವರೆಗೂ ಹೋಯಿತು. ಸೋಮವಾರ ಭಿಕ್ಷೆಗೆ ಬರುತ್ತಿದ್ದ ಅಯ್ಯನವರು ಬಾಗಿಲಲ್ಲೇ ನಿಂತು, “ಲಿಂಗವಂತರ ಒಲಿ ಮುಂದ ಮೀನೇನ್ರೆವ್ವ?” ಎಂದರು.

“ಅವು ತಿನ್ನಾಕ ಅಲ್ರಿ ಅಯ್ಯನೋರ, ಇರಾಕ ಬಂದಾವ. ಒಳಗ ಬರ್ರಿ, ಕುಂದ್ರಿ” ಎಂದು ಅತ್ತೆ ಮಣೆ ಹಾಕಿದರು. ಅಯ್ಯನವರು ಗಾಜಿನ ಕಡೆ ಬೆನ್ನು ಮಾಡಿ ಉಂಡು ಹೋದರು.

ಮೀನಿನ ಆಹಾರದ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ಮಸ್ತಾನ್ ಸಾಹೇಬರ ಮನೆಯಿಂದ ಬಂದ ಒಣಸಿಗಡಿಯನ್ನು ನಮ್ಮವರು ಹಳೆಯ ಔಷಧದ ಡಬ್ಬಿಯಲ್ಲಿ ಹಾಕಿ, ಬಚ್ಚಲ ಗೂಡಿನಲ್ಲಿ ಬಚ್ಚಿಟ್ಟು, ತಾಯಿ ಹಿತ್ತಲಿಗೆ ಹೋದ ಹೊತ್ತು ನೋಡಿ ಕಳ್ಳನಂತೆ ತೆಗೆಯುತ್ತಿದ್ದರು. ಒಂದು ದಿನ ಅತ್ತೆಯೇ ಹೇಳಿದರು: “ನನ ಮೂಗೇನು ಸತ್ತದೇನೋ? ಅವು ಉಣ್ಣೂದು ಅವು ಉಣ್ಲಿ, ಮುಚ್ಚಿಡಬ್ಯಾಡ. ಹಡಗದಾಗ ಚೆನ್ನೂನೂ ಅದನ್ನ ಉಂಡಿರ್ತಾನ.”

ನಮ್ಮ ಕಡೆಯ ಬಿಸಿಲಿಗೆ ತೊಟ್ಟಿಯ ನೀರು ದಿನವೂ ಇಳಿಯುತ್ತದೆ. ಉಪ್ಪು ಹಾರುವುದಿಲ್ಲ, ನೀರಷ್ಟೇ ಹಾರುತ್ತದೆ. ಆದ್ದರಿಂದ ಇಳಿದಷ್ಟು ಸಿಹಿನೀರನ್ನು ದಿನಾ ತುಂಬಬೇಕು. ನಾನು ಶಾಲೆಗೆ ಓಡುವ ಗಡಿಬಿಡಿಯಲ್ಲಿ ಬಕೆಟ್ಟಿನಿಂದ ಸುರಿಯುತ್ತಿದ್ದ ಈ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ಅವರದೊಂದು ತಾಮ್ರದ ತಂಬಿಗೆ ಇತ್ತು, ಪೂಜೆಯದು. ಪ್ರತಿ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ, ಬೆಳಗಿ, ಮೀಸಲು ನೀರು ತುಂಬಿಟ್ಟು, ಬೆಳಗ್ಗೆ ಮಿಂದು ಅದರಿಂದ ಲಿಂಗಕ್ಕೆ ಎರೆಯುವುದು ಅವರ ಕ್ರಮ. ಮಿಕ್ಕ ನೀರು ಹಿತ್ತಲಿನ ಪತ್ರಿಗಿಡದ ಬುಡಕ್ಕೆ ಹೋಗುತ್ತಿದ್ದದ್ದು ಈಗ ತೊಟ್ಟಿಗೆ ಬಂತು. ಸುರಿಯುವಾಗ ಅವರು ಮೆಲ್ಲಗೆ ಅನ್ನುತ್ತಿದ್ದ ಮಾತು ಒಲೆಯ ಮುಂದಿದ್ದ ನನಗೆ ಕೇಳುತ್ತಿತ್ತು: “ತಗೋ ಅಪ್ಪಾ. ಉಪ್ಪುನೀರು ಕುಡದು ಕುಡದು ಗಂಟಲ ಒಣಗಿರ್ತದ.”

ಹೇಳಿ, ಯಾರು ತಡೆಯುತ್ತಿದ್ದರು? ಮಣ್ಣಿಗೆ ಹಾಕಬೇಕಾದ ನೀರಿಗೆ ಕೊನೆಗೂ ಒಂದು ಜಾಗ ಸಿಕ್ಕಿತೆಂದು ನನಗೆ ಸಮಾಧಾನವಾಗಿತ್ತು. ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ದಿನಾ ಅದೇ ತಂಬಿಗೆಯಿಂದ ಒಂದು ಲೋಟ ಕುಡಿದು ಪ್ರಯೋಗಶಾಲೆಗೆ ಹೋಗುತ್ತಿದ್ದ ನಮ್ಮವರಿಗೂ ಆಗಿತ್ತು.

ಬೇಸಿಗೆ ಕಾಲಿಡುವಾಗ ಕಡಲಹೂವು ಮುದುಡಿತು. ಮೊದಲು ಬೆರಳುಗಳನ್ನು ಒಳಗೆಳೆದುಕೊಂಡಿತು, ಆಮೇಲೆ ಒಣ ಅಂಜೂರದಷ್ಟಾಗಿ ಕಲ್ಲಿನಿಂದ ಕಳಚಿ ಬಿತ್ತು. ಬಸವನಹುಳುಗಳು ಮಗುಚಿಕೊಂಡವು. ಆಮೇಲೆ ಮೀನುಗಳ ಸರದಿ. ಒಂದು ಓರೆಯಾಗಿ ಈಜಿದ ದಿನ ಅತ್ತೆಯ ತಟ್ಟೆಯಲ್ಲಿ ತುತ್ತು ಉಳಿಯಿತು, ಅದು ಸತ್ತ ದಿನ ರೊಟ್ಟಿಯೇ ಉಳಿಯಿತು. ನಮ್ಮವರು ಉಪ್ಪಳೆದರು, ಸುಣ್ಣವಳೆದರು, ತೊಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿದರು, ಹೊಸ ನೀರು ತರಿಸಿದರು. ಏನು ಮಾಡಿದರೂ ನಿಲ್ಲಲಿಲ್ಲ. ತನ್ನ ಕೈಯ ನೀರು ಶುದ್ಧವಾಗಲಿಲ್ಲವೇನೋ ಎಂದು ಅತ್ತೆ ತಂಬಿಗೆಯನ್ನು ಇನ್ನಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರು. ಅದು ಒಳಗೂ ಹೊರಗೂ ಹೊಸ ಪೈಸೆಯಂತೆ ಹೊಳೆಯಿತು.

ಕೊನೆಗೆ ನಮ್ಮವರು ಒಂದು ಬಾಟಲಿ ನೀರನ್ನು ಪ್ರಯೋಗಶಾಲೆಗೆ ಒಯ್ದು, ಕುದಿಸಿ ಇಳಿಸಿ ಪರೀಕ್ಷೆ ಮಾಡಿದರು. ಮಧ್ಯಾಹ್ನವೇ ಮನೆಗೆ ಬಂದು, ಹಿತ್ತಲಲ್ಲಿ ಒಗ್ಗರಣೆ ಹಾಕುತ್ತಿದ್ದ ನನ್ನ ಬಳಿ ನಿಂತು, “ತಾಮ್ರ” ಎಂದರು. ನನಗೆ ಹೊಳೆಯಲಿಲ್ಲ. “ನೀರಾಗ ತಾಮ್ರ ಅದ. ನಮಗೇನೂ ಆಗೂದಿಲ್ಲ, ಅವಕ್ಕ ವಿಷ. ದಿನಾ ಇಷ್ಟಿಷ್ಟ ಕೂಡಿ ಕೂಡಿ…” ಎಂದು ಅಡುಗೆಮನೆಯ ಕಡೆ ನೋಡಿದರು. ಒಳಗೆ ಅತ್ತೆ ತಂಬಿಗೆ ತಿಕ್ಕುತ್ತಿದ್ದ ಸದ್ದು ಕೇಳುತ್ತಿತ್ತು. ಸಾಸಿವೆ ಸೀದುಹೋಯಿತು.

ಆಗ ತೊಟ್ಟಿಯಲ್ಲಿ ಉಳಿದಿದ್ದದ್ದು ಬಿಳಿಪಟ್ಟೆಯ ಒಂದೇ ಮೀನು. ಹೇಳದಿದ್ದರೆ ನಾಳೆಯೂ ಅದಕ್ಕೆ ವಿಷ ಬೀಳುತ್ತದೆ. ಹೇಳಿದರೆ ತನ್ನ ಕೈಯಿಂದಲೇ ಕೊಂದೆನೆಂದು ತಿಳಿದ ಮೇಲೆ ಅವರು ಮಜ್ಜಿಗೆಯನ್ನೂ ಬಿಡುತ್ತಾರೆ. “ಅವ್ವಗ ಹೇಳಬ್ಯಾಡ” ಎಂದರು ನಮ್ಮವರು. ತಂಬಿಗೆಯನ್ನು ಅಟ್ಟದ ಮೇಲೆ ಬಚ್ಚಿಟ್ಟು, ಕಲಾಯಿ ಹಾಕಿಸಲು ಕೊಟ್ಟಿದ್ದೇನೆಂದು ತಾಯಿಗೆ ಹೇಳಿದರು. ಓದಿದವರು ಹೇಳುವ ಸುಳ್ಳಿಗೂ ಒಂದಿಷ್ಟು ಮನೆಗೆಲಸದ ಜ್ಞಾನ ಬೇಕು. ಅದು ನಮ್ಮಿಬ್ಬರಲ್ಲೂ ಇರಲಿಲ್ಲ.

ಮರುದಿನ ಬೆಳಗ್ಗೆ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ, ಮೊರದಿಂದ ಕಣ್ಣೆತ್ತದೆ ನನ್ನನ್ನು ಕೇಳಿದರು: “ನೀಲಾ, ಪೂಜಿ ತಂಬಿಗಿಗೆ ಯಾರರೆ ಕಲಾಯಿ ಹಾಕಸ್ತಾರೇನು?”

ಹುಳಿ ತಾಕಿದರೆ ತಾಮ್ರ ಕಿಲುಬು ಬಿಡುತ್ತದೆ, ಕಿಲುಬು ಹೊಟ್ಟೆಗೆ ಹೋದರೆ ಕೆಡುಕು. ಅದಕ್ಕಾಗಿ ಅಡುಗೆಯ ಪಾತ್ರೆಗೆ ಒಳಗೆ ಕಲಾಯಿ. ಪೂಜೆಯ ತಂಬಿಗೆ ಕಾಣುವುದು ನೀರನ್ನು ಮಾತ್ರ, ಅದಕ್ಕೆ ಕಲಾಯಿ ಹಾಕಿಸುವುದಿಲ್ಲ. ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಇದು ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೇ ಇರಬೇಕು. ಕಲಾಯಿ ಎಂಬ ಒಂದು ಮಾತಿನಿಂದ ಅತ್ತೆ ಇಡೀ ದಾರಿ ಹಿಂದಕ್ಕೆ ನಡೆದು, ತಮ್ಮ ತಂಬಿಗೆಯ ಕಿಲುಬಿನವರೆಗೆ ಬಂದಿದ್ದರು.

“ಹುಳಿಗೆ ಬಿಡೂದು ನಂಗೂ ಗೊತ್ತದ. ಬರೇ ನೀರಿಗೂ ಬಿಡ್ತದೇನು?” ಎಂದರು. ಅವರ ಮುಖ ನೋಡಿದ ಮೇಲೆ ಇನ್ನೊಂದು ಸುಳ್ಳು ನನ್ನ ಬಾಯಿಗೆ ಬರಲಿಲ್ಲ. ಹೌದೆಂದೆ. ಅವರು ಸ್ವಲ್ಪ ಹೊತ್ತು ಕಲ್ಲು ಆರಿಸಿದರು. ನಿಮಗೆ ಗೊತ್ತಿರಲಿಲ್ಲವಲ್ಲ ಅತ್ತಿ ಎಂದು ನಾನು ಏನೋ ಅಂದೆ.

“ನನಗ ಗೊತ್ತಿರಲಿಲ್ಲ,” ಎಂದರು ಅವರು. “ಸಮುದ್ರಕ್ಕೂ ಗೊತ್ತಿರಲಿಕ್ಕಿಲ್ಲ, ತಾ ಯಾರನ್ನ ತಗೊಂಡೆ ಅಂತ.”

ಅಂದು ಅವರು ಮಜ್ಜಿಗೆಯನ್ನೂ ಮುಟ್ಟಲಿಲ್ಲ. ನಮ್ಮವರು ಸ್ಟೇಷನ್ನಿಗೆ ಓಡಿ ನೀರಿಗೆ ಹೇಳಿ ಬಂದರು, ಹೊಸ ಡಬ್ಬಿಗಳು ಬಂದವು, ನೀರು ಬದಲಾಯಿತು. ಆದರೆ ಮೀನಿನ ಮೈಯೊಳಗೆ ಸೇರಿದ್ದನ್ನು ಬದಲಾಯಿಸುವಂತಿರಲಿಲ್ಲ. ಅದು ತಳದ ಮೂಲೆಯಲ್ಲಿ ಕಿವಿರಾಡಿಸುತ್ತ ಬಿದ್ದಿತ್ತು, ಗಾಜಿನ ಈಚೆ ಅತ್ತೆ ಕೂತಿದ್ದರು. ನಾನು ಇಬ್ಬರನ್ನೂ ನೋಡುತ್ತ ರೊಟ್ಟಿ ಬಡಿದೆ, ಬಡಿದದ್ದನ್ನು ನಾನೇ ತಿಂದೆ. ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ಅದು ಮೇಲೆ ತೇಲುತ್ತಿತ್ತು.

ಅತ್ತೆ ರವಿಕೆಯ ತೋಳು ಮಡಚಿ ನೀರಿಗೆ ಕೈ ಹಾಕಿ ಅದನ್ನು ಅಂಗೈಯಲ್ಲಿ ಎತ್ತಿಕೊಂಡರು. ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಅಟ್ಟದ ಮೇಲಿನ ತಂಬಿಗೆ ಇಳಿಸಲು ನನಗೆ ಹೇಳಿದರು, ಪತ್ರಿಗಿಡದ ಬುಡದಲ್ಲಿ ತೋಡಲು ಮಗನಿಗೆ ಹೇಳಿದರು. ಅಯ್ಯನವರನ್ನು ಕರೆಸಲಿಲ್ಲ. ತಂಬಿಗೆಯೊಳಗೆ ಪತ್ರಿ ಹಾಸಿ, ಮೀನಿಗೆ ವಿಭೂತಿ ಮುಟ್ಟಿಸಿ ಒಳಗಿಟ್ಟು, ಮೇಲೆ ಮತ್ತೆ ಪತ್ರಿ ತುಂಬಿ, ತಂಬಿಗೆಯ ಸಮೇತ ತಗ್ಗಿನಲ್ಲಿ ಇರಿಸಿದರು. ಮೊದಲ ಹಿಡಿ ಮಣ್ಣು ಹಾಕಿದವರೂ ಅವರೇ. ನಮ್ಮವರು ಆಗ ಅತ್ತರು, ಗುದ್ದಲಿ ಹಿಡಿದುಕೊಂಡೇ, ಮಕ್ಕಳ ಹಾಗೆ ಸದ್ದು ಮಾಡಿ. ಅತ್ತೆ ಮಣ್ಣನ್ನು ಅಂಗೈಯಿಂದ ತಟ್ಟಿ ಸಮ ಮಾಡುತ್ತ ಹೇಳಿದರು:

“ಒಂದಾದ್ರೂ ಮಣ್ಣಿಗೆ ಬಂತು.”

ಆಮೇಲೆ ಕೈಕಾಲು ತೊಳೆದು ಬಂದು, ಹೊಸ್ತಿಲ ಬಳಿ ಖಾಲಿ ಕಡಲಿಗೆ ಬೆನ್ನು ಮಾಡಿ ಕೂತು, ರೊಟ್ಟಿ ಹಾಕೆಂದರು. ಎರಡು ತಿಂದರು. ಸಂತೋಷದಿಂದ ತಿಂದರೆಂದು ಹೇಳಲಾರೆ. ಆ ಊಟದಲ್ಲಿ ರುಚಿ ಇರಲಿಲ್ಲ, ಆದರೆ ಆಮೇಲೆ ಅವರು ಊಟ ಬಿಡಲಿಲ್ಲ. ಇನ್ನೂ ಹಲವು ಯುಗಾದಿಗಳನ್ನು ಕಂಡರು. ಅಮಾವಾಸ್ಯೆಗೊಮ್ಮೆ ಪತ್ರಿಗಿಡದ ಬುಡಕ್ಕೆ ಹೂವಿಟ್ಟು, ಸ್ಟೀಲಿನ ಲೋಟದಿಂದ ನೀರು ಹಾಕುತ್ತಿದ್ದರು.

ತೊಟ್ಟಿಯನ್ನು ಖಾಲಿ ಮಾಡುವಾಗ ರಬ್ಬರಿನ ಕೊಳವೆ ಜಾರಿ ನೀರೆಲ್ಲ ಹೊಸ್ತಿಲಿಗೆ ಹರಿಯಿತು, ತಗ್ಗಿದ್ದ ಒಂದು ಕಲ್ಲಿನ ಮೇಲೆ ನಿಂತು ಅಲ್ಲಿಯೇ ಹೀರಿಹೋಯಿತು. ಕಲೆಯ ಹುಟ್ಟು ಅದು. ನಮ್ಮವರ ಸೂತ್ರದಲ್ಲಿ ತಪ್ಪಿರಲಿಲ್ಲವೆಂದು ನನಗೆ ಈಗಲೂ ಅನ್ನಿಸುತ್ತದೆ; ದೊಡ್ಡ ನೀರು ಸಣ್ಣ ತಪ್ಪನ್ನು ಕ್ಷಮಿಸುತ್ತದೆ. ದಿನಾ ಬೆಳಗ್ಗೆ ಎದ್ದು ಸುರಿಯುವ ಪ್ರೀತಿಗೆ ಸಾಲುವಷ್ಟು ದೊಡ್ಡ ನೀರು ಮಾತ್ರ ಯಾರ ಅಡುಗೆಮನೆಯಲ್ಲೂ ಹಿಡಿಯುವುದಿಲ್ಲ.

ಅತ್ತೆಯನ್ನು ಮಣ್ಣಿಗಿಟ್ಟು ಬಂದದ್ದು ಕಳೆದ ಮಾಘದಲ್ಲಿ. ಈ ಸಲ ಮಳೆ ಬಿದ್ದು, ಎರಡು ದಿನ ಬಿಸಿಲೂ ಬಂದ ಮೇಲೆ, ನಾನು ಅಭ್ಯಾಸದಂತೆ ಒರೆಸುವ ಬಟ್ಟೆ ಹಿಡಿದು ಹೊಸ್ತಿಲ ಬಳಿ ಕೂತೆ. ತಟ್ಟೆಯಷ್ಟಗಲ ಏಳುತ್ತಿದ್ದ ಕಲೆ ಒಂದು ಬಟ್ಟಲಿನಷ್ಟೂ ಇರಲಿಲ್ಲ. ಇಷ್ಟು ವರ್ಷ ನಾನೇ ತಿಕ್ಕಿ ತಿಕ್ಕಿ ತೆಗೆದಿದ್ದೇನೆ, ಗೊತ್ತಿಲ್ಲದೆ. ಬೆರಳಿನ ತುದಿಗೆ ಅಷ್ಟು ಹುಡಿ ಹತ್ತಿತು, ನಾಲಿಗೆಗೆ ಇಟ್ಟುಕೊಂಡೆ. ಭಾಳ ಉಪ್ಪು. ಬಟ್ಟೆಯನ್ನು ಹಿಂಡಿ ಒಣಹಾಕಿದೆ, ಕಲ್ಲನ್ನು ಮುಟ್ಟಲಿಲ್ಲ.